ಮಗ್ ಮೇಲಿನ ಶೇಂಗಾ ಹುಡುಗ

ಪ್ರಶ್ನೆ: ಬೀದಿಯಲ್ಲಿ ಸಾಮಾನು ಮಾರುತ್ತಿದ್ದ ಮಕ್ಕಳ ಹಳೆ ಫೋಟೊಗಳನ್ನು ಗಿಫ್ಟ್ ಮಗ್ ಮೇಲೆ ಹಾಕಿ ಮಾರಬಹುದಾ?

ರಾಯಚೂರಿನ ತೀನ್ ಕಂದೀಲ್ ಹತ್ತಿರದ ಒಂದು ಸಣ್ಣ ಫೋಟೊ ಸ್ಟುಡಿಯೋದಲ್ಲಿ ಶುರುವಾದ ಜಗಳ ಇದು. ಒಬ್ಬರು ಸ್ಟುಡಿಯೋ ಮಾಲೀಕರು. ಇನ್ನೊಬ್ಬರು ಅವರ ತಂದೆಯ ಗೆಳೆಯರು, ಅಂಚೆ ಇಲಾಖೆಯಿಂದ ನಿವೃತ್ತರಾದವರು. ಮಾತಿನಲ್ಲಿ ಬಗೆಹರಿಯಲಿಲ್ಲ, ಬರೆದು ಕೊಡಿ ಅಂದೆವು. ಇಬ್ಬರೂ ಬರೆದರು. ಕಾಕಾ ಸ್ವಲ್ಪ ಜಾಸ್ತಿಯೇ ಬರೆದರು.

ಪರ: ಅವನೂ ಮನೆಯೊಳಗೆ ಬರಲಿ

ಮೊದಲು ಮಗ್ ಹೇಗಾಗುತ್ತದೆ ಅಂತ ಹೇಳಿಬಿಡುತ್ತೇನೆ. ನ್ಯಾಯ ಅನ್ಯಾಯ ಆಮೇಲೆ.

ಬಿಳಿ ಮಗ್ ಅಂದರೆ ಬರೀ ಪಿಂಗಾಣಿ ಅಲ್ಲ. ಅದರ ಮೇಲೆ ಕಣ್ಣಿಗೆ ಕಾಣದ ತೆಳು ಲೇಪ ಇರುತ್ತದೆ. ಫೋಟೊವನ್ನು ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಮಾಡಿ ಸಬ್ಲಿಮೇಶನ್ ಪೇಪರ್ ಮೇಲೆ ಪ್ರಿಂಟ್ ತೆಗೆಯಬೇಕು. ಆ ಪೇಪರನ್ನು ಮಗ್‌ಗೆ ಬಿಗಿಯಾಗಿ ಸುತ್ತಿ, ಬಿಸಿ ತಡೆಯುವ ಟೇಪ್ ಹಚ್ಚಿ, ಪ್ರೆಸ್‌ಗೆ ಸಿಕ್ಕಿಸಬೇಕು. 180 ಡಿಗ್ರಿ, ಸುಮಾರು ಮೂರು ನಿಮಿಷ. ಇಂಕ್ ಆವಿಯಾಗಿ ಲೇಪದೊಳಗೆ ಇಳಿಯುತ್ತದೆ. ಬೀಪ್ ಅಂದ ಮೇಲೆ ಕಾಗದ ಸುಲಿದರೆ ಒಳಗಿಂದ ಮುಖ ಬರುತ್ತದೆ. ಆರು ವರ್ಷದಿಂದ ಮಾಡುತ್ತಿದ್ದೇನೆ. ಆ ಕಾಗದ ಸುಲಿಯುವ ಗಳಿಗೆ ಇನ್ನೂ ಬೇಜಾರು ಬಂದಿಲ್ಲ. ಮೇ ತಿಂಗಳಲ್ಲಿ ರಾಯಚೂರಿನ ಸೆಕೆಯಲ್ಲಿ ಆ ಮಷಿನ್ ಮುಂದೆ ನಿಲ್ಲುವುದು ಹೇಗಿರುತ್ತದೆ ಅಂತ ಮಾತ್ರ ಕೇಳಬೇಡಿ.

ಬರುವ ಆರ್ಡರ್ ಎಲ್ಲಾ ಒಂದೇ ಥರ. ಗಂಡ ಹೆಂಡತಿ, ಕೆಂಪು ಹಾರ್ಟು, ಇಂಗ್ಲಿಷಿನಲ್ಲಿ ಎರಡು ಸಾಲು. ಇಲ್ಲದಿದ್ದರೆ ಮಗುವಿನ ಮೊದಲ ಹುಟ್ಟುಹಬ್ಬ. ಇದರ ನಡುವೆ ಒಂದು ದಿನ ಕಾಲೇಜಿನ ಉಪನ್ಯಾಸಕಿ ಒಬ್ಬರು ಪೆನ್‌ಡ್ರೈವ್ ತಂದರು. ನಿವೃತ್ತರಾಗುತ್ತಿದ್ದ ಸಹೋದ್ಯೋಗಿಗೆ ಕೊಡಲು ಮಗ್ ಬೇಕಿತ್ತು. ಫೈಲ್ ತೆರೆದರೆ ಮೂವರು ಹುಡುಗರು. ತಲೆಗೆ ಟೋಪಿ, ಬಾಯಲ್ಲಿ ಹೊಗೆ. ನಮ್ಮೂರಲ್ಲಿ ಯಾವ ಮುದುಕನೂ ಅಷ್ಟು ಠೀವಿಯಿಂದ ಬೀಡಿ ಸೇದುವುದನ್ನು ನೋಡಿಲ್ಲ. ಅಮೆರಿಕದ ಸೇಂಟ್ ಲೂಯಿಸ್ ಊರಿನ ಪೇಪರ್ ಮಾರುವ ಹುಡುಗರು, 1910ರದ್ದು, ಲೂಯಿಸ್ ಹೈನ್ ತೆಗೆದ ಫೋಟೊ ಅಂದರು ಮೇಡಂ. ನಾನು ಆ ಹೆಸರೇ ಕೇಳಿರಲಿಲ್ಲ. ಎರಡು ತಲೆಮಾರಿನ ಸ್ಟುಡಿಯೋ ನಮ್ಮದು, ಸ್ವಲ್ಪ ನಾಚಿಕೆ ಆಯಿತು. ಹುಡುಕಿ ಓದಿದೆ.

ಹೈನ್ ಶಾಲೆ ಮೇಷ್ಟ್ರಾಗಿದ್ದವರು. 1908ರಲ್ಲಿ, ಮಕ್ಕಳ ದುಡಿಮೆ ನಿಲ್ಲಿಸಲು ಹೋರಾಡುತ್ತಿದ್ದ ನ್ಯಾಷನಲ್ ಚೈಲ್ಡ್ ಲೇಬರ್ ಕಮಿಟಿಯ ಕೆಲಸಕ್ಕೆ ಸೇರಿ ಗಿರಣಿ, ಗಣಿ, ಬೀದಿ ಅಂತ ಊರೂರು ತಿರುಗಿದರು. ಕಾರ್ಖಾನೆಯವರು ಒಳಗೆ ಬಿಡದಿದ್ದರೆ ಬೈಬಲ್ ಮಾರುವವನ ವೇಷ ಹಾಕಿ ನುಗ್ಗುತ್ತಿದ್ದರು. ತಮ್ಮ ಕೋಟಿನ ಒಂದೊಂದು ಗುಂಡಿ ನೆಲದಿಂದ ಎಷ್ಟು ಎತ್ತರ ಅಂತ ಮೊದಲೇ ಅಳೆದಿಟ್ಟುಕೊಂಡಿದ್ದರು. ಪಕ್ಕದಲ್ಲಿ ನಿಂತ ಮಗುವಿನ ತಲೆ ಯಾವ ಗುಂಡಿಗೆ ಬಂತು ಅಂತ ನೋಡಿ ಎತ್ತರ ಗುರುತು ಹಾಕಿಕೊಳ್ಳುತ್ತಿದ್ದರು. ಎಂಥ ತಲೆ ಅಲ್ವಾ! ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಈ ಸಂಗ್ರಹದ 5,000ಕ್ಕೂ ಹೆಚ್ಚು ಫೋಟೊಗಳಿವೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಪುಕ್ಕಟೆ. ತೆಗೆದವರಿಗೂ ಅದರಿಂದ ಏನೂ ಉಳಿಯಲಿಲ್ಲ. 1940ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರ ಮನೆಯೂ ಕೈಬಿಟ್ಟಿತ್ತು.

ನನ್ನ ವಾದ ಇಲ್ಲಿಂದ ಶುರು. ಆ ಫೋಟೊಗಳು ಬೀರುವಿನಲ್ಲಿ ಇಡಲು ತೆಗೆದವಲ್ಲ. ಕರಪತ್ರದಲ್ಲಿ ಹಾಕಿದರು, ಪೋಸ್ಟರ್ ಮಾಡಿದರು, ಸ್ಲೈಡ್ ಮಾಡಿ ಸಭೆಗಳಲ್ಲಿ ತೋರಿಸಿದರು. ಜನರ ಕಣ್ಣಿಗೆ ಬೀಳಲಿ, ಬಿದ್ದು ಚುಚ್ಚಲಿ ಅಂತಲೇ ತೆಗೆದದ್ದು. ಈಗ ಪೋಸ್ಟರ್ ಯಾರು ನೋಡುತ್ತಾರೆ? ಗೋಡೆಗೆ ಫೋಟೊ ತೂಗುಹಾಕುವುದೂ ಕಡಿಮೆಯಾಯಿತು. ಮಗ್ ಮಾತ್ರ ದಿನಾ ಬೆಳಿಗ್ಗೆ ಕೈಗೆ ಬರುತ್ತದೆ.

ಮೇಡಂ ಮಗ್ ಮಾಡಿದ ಮೇಲೆ ನನಗೆ ಅಪ್ಪನ ಪೆಟ್ಟಿಗೆ ನೆನಪಾಯಿತು. ಅಪ್ಪನದು ಯಾಶಿಕಾ ಕ್ಯಾಮೆರಾ, 120 ಫಿಲ್ಮ್, ಒಂದು ರೋಲಿಗೆ 12 ಫೋಟೊ. 1978ರಲ್ಲಿ ಯಾವುದೋ ಮದುವೆ ಮುಗಿಸಿ ಬಂದಾಗ ಒಂದು ಫ್ರೇಮ್ ಉಳಿದಿತ್ತು. ರೋಲ್ ಮುಗಿಯದೆ ತೊಳೆಯುವ ಹಾಗಿಲ್ಲ. ಅಂಗಡಿ ಮುಂದೆ ಶೇಂಗಾ ಮಾರುತ್ತಿದ್ದ ಹುಡುಗನ ಕಡೆ ತಿರುಗಿಸಿ ಕ್ಲಿಕ್ ಮಾಡಿಬಿಟ್ಟರು. ಕೊರಳಿಗೆ ತೂಗುಹಾಕಿದ ಬುಟ್ಟಿ, ಶೇಂಗಾ ಗುಡ್ಡೆಯ ಮೇಲೆ ಕೆಂಡದ ಪುಟ್ಟ ಮಡಕೆ, ಅದರ ಹೊಗೆ, ಹೊಗೆಯ ಹಿಂದೆ ಹಲ್ಲು ಬಿಟ್ಟು ನಗುತ್ತಿರುವ ಮುಖ. ಸಾವಿರಾರು ಮದುವೆ ತೆಗೆದ ಅಪ್ಪ ತಮ್ಮ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದು ಇದೊಂದೇ ಫೋಟೊ.

ಅದನ್ನೇ ಮಗ್ ಮೇಲೆ ಹಾಕಿದೆ. ಸುಲಭ ಆಗಲಿಲ್ಲ. ಸಬ್ಲಿಮೇಶನ್ ಇಂಕಿಗೆ ಕಪ್ಪು ಬಿಳುಪು ಅಂದರೆ ಆಗಿಬರುವುದಿಲ್ಲ, ಬೂದು ಬಣ್ಣ ಒಮ್ಮೆ ಹಸಿರಿಗೆ ತಿರುಗುತ್ತದೆ, ಒಮ್ಮೆ ಕಂದಿಗೆ. ನಾಲ್ಕು ಮಗ್ ಹಾಳಾದವು. ಕೆಳಗಿನ ಅರ್ಧ ಇಂಚಿನಲ್ಲಿ ಪ್ರೆಸ್ ಸರಿಯಾಗಿ ಒತ್ತುವುದಿಲ್ಲ, ಚಿತ್ರ ಮಸುಕಾಗುತ್ತದೆ. ಹಾಗಾಗಿ ಮೊಣಕಾಲಿಂದ ಕೆಳಗೆ ಕತ್ತರಿಸಿದೆ. ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ‘ತೀನ್ ಕಂದೀಲ್, ರಾಯಚೂರು, 1978’ ಅಂತ ಬರೆದೆ. 250 ರೂಪಾಯಿ. ಗಾಜಿನ ಬೀರುವಿನಲ್ಲಿ ಇಟ್ಟ ಮೊದಲ ವಾರದಲ್ಲೇ ಒಂಬತ್ತು ಹೋದವು.

ಕಾಕಾ ಅವತ್ತು ಬಂದು ಮಗ್ ತಿರುಗಿಸಿ ತಿರುಗಿಸಿ ನೋಡಿದರು. "ಇದನ್ನ ಮಾರಬ್ಯಾಡಪ" ಅಂದರು. ಯಾಕೆ ಅಂದರೆ ಹೇಳಲಿಲ್ಲ. ಅವರು ಹೇಳದಿದ್ದದ್ದಕ್ಕೆ ನಾನೇ ಉತ್ತರ ಕೊಡಬೇಕಾಗಿದೆ.

ಮೊದಲನೇದು, ಮಗ್ ಮೇಲೆ ಬರುವ ಯೋಗ್ಯತೆ ಯಾರಿಗಿದೆ? ಮದುಮಗಳಿಗಿದೆ. ಸಿನಿಮಾ ಹೀರೋಗಿದೆ. ಹಂಪಿಯ ಕಲ್ಲಿನ ರಥ 50 ರೂಪಾಯಿ ನೋಟಿನ ಮೇಲೇ ಇದೆ, ಮಗ್ ಮೇಲೆ ಇರುವುದರಲ್ಲಿ ಏನು ವಿಶೇಷ. ರಾಜರು, ಸ್ವಾಮಿಗಳು, ಲೀಡರ್‌ಗಳು ಎಲ್ಲರೂ ಬರುತ್ತಾರೆ. ಶೇಂಗಾ ಮಾರಿದ ಹುಡುಗ ಬಂದರೆ ಮಾತ್ರ ನಮಗೆ ಮುಜುಗರ. ಆ ಮುಜುಗರ ಅವನ ಮೇಲಿನ ಪ್ರೀತಿಯಾ, ಅಥವಾ ಅವನನ್ನು ನಡುಮನೆಯಲ್ಲಿ ನೋಡುವುದು ಕಷ್ಟವಾ? ಬೀದಿಯಲ್ಲಿ ಇದ್ದಾಗ ಒಳಗೆ ಕರೆಯಲಿಲ್ಲ, ಫೋಟೊ ಆದ ಮೇಲೂ ಹೊರಗೇ ಇರು ಅಂದ ಹಾಗಾಯಿತು.

ಎರಡನೇದು, ಇಂಥ ಮಕ್ಕಳೆಲ್ಲ ಅಯ್ಯೋ ಪಾಪ ಅನ್ನಿಸಿಕೊಳ್ಳಲು ನಿಂತವರಲ್ಲ. ನ್ಯೂಯಾರ್ಕಿನ ಪೇಪರ್ ಹುಡುಗರ ಕಥೆ ಕೇಳಿ. 100 ಪತ್ರಿಕೆಗೆ 50 ಸೆಂಟ್ ಇದ್ದದ್ದು 1898ರ ಸ್ಪೇನ್-ಅಮೆರಿಕ ಯುದ್ಧದ ಹೊತ್ತಿಗೆ 60 ಸೆಂಟ್ ಆಯಿತು. ಯುದ್ಧ ಮುಗಿದರೂ ಪುಲಿಟ್ಜರ್ ಮತ್ತು ಹರ್ಸ್ಟ್ ಅವರ ಪತ್ರಿಕೆಗಳು ದರ ಇಳಿಸಲಿಲ್ಲ. 1899ರ ಜುಲೈನಲ್ಲಿ ಹುಡುಗರು ಮುಷ್ಕರ ಹೂಡಿದರು. ಸುಮಾರು ಎರಡು ವಾರ ಅಷ್ಟು ದೊಡ್ಡ ಧಣಿಗಳ ಪತ್ರಿಕೆ ಬೀದಿಯಲ್ಲಿ ಹೊರಳಾಡಿದವು. ದರ ಇಳಿಯಲಿಲ್ಲ, ಆದರೆ ಮಾರಾಟವಾಗದೆ ಉಳಿದ ಪ್ರತಿ ವಾಪಸ್ ತಗೊಳ್ಳುತ್ತೇವೆ ಅಂತ ಮಾಲೀಕರು ಒಪ್ಪಿದರು. ಹತ್ತು ಹನ್ನೆರಡು ವರ್ಷದವರ ಗೆಲುವು ಅದು. ಅಂಥವರ ಮುಖ ಮಗ್ ಮೇಲೆ ಇದ್ದರೆ ಅದು ಅವಮಾನವಾ?

ಮೂರನೇದು ನನ್ನ ಅಂಗಡಿಯಲ್ಲೇ ನಡೆದದ್ದು. ಮಗ್ ನೋಡಿದವರೆಲ್ಲ ‘ಕ್ಯೂಟ್’ ಅನ್ನುತ್ತಿದ್ದರು, ನಿಜ. ಒಂದು ಮಧ್ಯಾಹ್ನ ಹೋಟೆಲಿನಿಂದ ಚಾ ತರುವ ಹುಡುಗ ಬಂದ. ಲೋಟ ತೊಳೆದಿರಲಿಲ್ಲ, ಈ ಮಗ್‌ಗೇ ಹಾಕು ಅಂದೆ. ಫ್ಲಾಸ್ಕ್ ಬಗ್ಗಿಸುತ್ತಾ ನಿಂತ. "ಇವ ಏನ್ ಮಾರ್ತಾನ್ರೀ?" ಶೇಂಗಾ ಅಂದೆ. "ಪೊಟ್ಟಣ ಎಷ್ಟಕ್ಕೊಂದ್ರೀ?" ಆಗಿನ ಕಾಲದಾಗ ನಾಲ್ಕಾಣೆ ಇರಬೇಕು ಅಂದೆ. ಲೆಕ್ಕ ಹಾಕಿದ. "ದಿನಕ್ಕ ನೂರು ಪೊಟ್ಟಣ ಹೋದ್ರ ಇಪ್ಪತ್ತೈದು ರೂಪಾಯಿ. ಅದ್ರಾಗ ಮಾಲಿಂದು ತೆಗೀಬೇಕು." ಆರು ವರ್ಷದಲ್ಲಿ ನನ್ನ ಯಾವ ಮಗ್ ಬಗ್ಗೆಯೂ ಯಾರೂ ಇಷ್ಟು ಗಂಭೀರವಾಗಿ ಮಾತಾಡಿರಲಿಲ್ಲ. ಮ್ಯೂಸಿಯಂನಲ್ಲಿ ಇಟ್ಟಿದ್ದರೆ ಆ ಹುಡುಗ ಅಲ್ಲಿಗೆ ಹೋಗುತ್ತಿದ್ದನಾ?

ತಪ್ಪೇ ಮಾಡಿಲ್ಲ ಅಂತ ಹೇಳುವುದಿಲ್ಲ. ಸೇಂಟ್ ಲೂಯಿಸ್ ಹುಡುಗರ ಮಗ್ ನೋಡಿ ಒಂದು ಆಫೀಸಿನವರು ಆರು ಮಗ್ ಕೇಳಿದರು. ಮೇಲೆ ‘ಸೋಮವಾರ ಯಾಕಾದ್ರೂ ಬರುತ್ತೋ’ ಅಂತ ಬರೆದುಕೊಡಿ ಅಂದರು. ಬರೆದುಕೊಟ್ಟೆ. ವ್ಯಾಪಾರ. ಮ್ಯಾಜಿಕ್ ಮಗ್ ಕೂಡ ಮಾಡಿದೆ, 400 ರೂಪಾಯಿದು. ತಣ್ಣಗಿದ್ದಾಗ ಪೂರ್ತಿ ಕಪ್ಪು, ಬಿಸಿ ಚಾ ಹಾಕಿದರೆ ಶೇಂಗಾ ಹುಡುಗ ಮೆಲ್ಲಗೆ ಮೂಡುತ್ತಾನೆ. ಮಕ್ಕಳು ಕುಣಿದಾಡುತ್ತವೆ. ಅದರಲ್ಲೂ ತಪ್ಪಿದ್ದರೆ ಕಾಕಾ ಹೇಳಲಿ. ಕಾನೂನಿನ ಪ್ರಕಾರ ಅಪ್ಪ ತೆಗೆದ ಫೋಟೊದ ಹಕ್ಕು ನಮ್ಮದು. ಆದರೆ ಕಾನೂನು ತೋರಿಸಿ ಕಾಕಾನ ಬಾಯಿ ಮುಚ್ಚಿಸುವ ಇರಾದೆ ನನಗಿಲ್ಲ.

ವಿರೋಧ: ಕಾಲು ಎಲ್ಲಿ ಹೋಯಿತು?

ತಮ್ಮಾ, ಅವತ್ತು ಯಾಕೆ ಹೇಳಲಿಲ್ಲ ಅಂದರೆ ಗಂಟಲು ಕಟ್ಟಿತ್ತು. ಈಗ ಹೇಳುತ್ತೇನೆ.

ನಿಮ್ಮಪ್ಪನ ಮೇಜಿನ ಗಾಜಿನ ಕೆಳಗಿದ್ದ ಫೋಟೊವನ್ನು ನಾನು ನಲವತ್ತು ವರ್ಷ ನೋಡಿದ್ದೇನೆ. ಅದರಲ್ಲಿ ಹುಡುಗ ಒಂದೇ ಕಾಲ ಮೇಲೆ ನಿಂತಿದ್ದಾನೆ. ಇನ್ನೊಂದು ಕಾಲಿನ ಪಾದವನ್ನು ಈ ಪಾದದ ಮೇಲೆ ಇಟ್ಟುಕೊಂಡಿದ್ದಾನೆ. ಚಪ್ಪಲಿ ಇಲ್ಲ. ಟಾರ್ ರಸ್ತೆ. ನೆರಳು ನೋಡು, ಕಾಲ ಬುಡದಲ್ಲೇ ಮುದುಡಿಕೊಂಡಿದೆ. ಅಂದರೆ ನಡು ಮಧ್ಯಾಹ್ನ. ಸುಡುವ ಟಾರ್ ಮೇಲೆ ಬರಿಗಾಲಲ್ಲಿ ನಿಲ್ಲುವವರು ಹಾಗೇ ನಿಲ್ಲುವುದು. ಈ ಕಾಲು ಸ್ವಲ್ಪ ಹೊತ್ತು, ಆ ಕಾಲು ಸ್ವಲ್ಪ ಹೊತ್ತು. ನೀನು ಅದನ್ನೇ ಕತ್ತರಿಸಿದೆ. ಪ್ರೆಸ್ ಒತ್ತುವುದಿಲ್ಲ ಅಂದೆ. ಇರಬಹುದು, ಮಷಿನ್ ಕಷ್ಟ ಮಷಿನ್‌ಗೆ. ಆದರೆ ಕಾಲು ಹೋದ ಮೇಲೆ ಉಳಿದದ್ದೇನು? ಹೊಗೆ ಮತ್ತು ನಗು. ಅದಕ್ಕೇ ಎಲ್ಲರೂ ಕ್ಯೂಟ್ ಅನ್ನುತ್ತಿರುವುದು.

ಆ ನಗುವಿನ ಬಗ್ಗೆಯೂ ಹೇಳುತ್ತೇನೆ, ಅದು ನನಗೆ ಗೊತ್ತಿರುವ ವಿಷಯ. ನಿನಗೆ ಇಷ್ಟು ವರ್ಷ ಹೇಳಿರಲಿಲ್ಲ. 1974ರಿಂದ ಮೂರು ಬೇಸಿಗೆ ನಾನು ರಾಯಚೂರು ಸ್ಟೇಷನ್‌ನಲ್ಲಿ ಶೇಂಗಾ ಮಾರಿದ್ದೇನೆ. ಮೊದಲ ವರ್ಷ ನನಗೆ ಹತ್ತು. ಬೊಂಬಾಯಿ ಕಡೆಯ ಹಳಿ, ಮದ್ರಾಸ್ ಕಡೆಯ ಹಳಿ 1871ರಲ್ಲಿ ಕೂಡಿದ್ದು ನಮ್ಮ ಈ ಸ್ಟೇಷನ್‌ನಲ್ಲೇ. ದೊಡ್ಡ ಗಾಡಿಗಳೆಲ್ಲ ನಿಲ್ಲುತ್ತಿದ್ದವು. ಮದ್ರಾಸ್ ಮೇಲ್ ಬಂತೆಂದರೆ ನಮಗೆ ಹಬ್ಬ, ಹಾಗೇ ಹೆದರಿಕೆ. ಕೊರಳ ಬಟ್ಟೆ ಬುಟ್ಟಿಯ ಭಾರಕ್ಕೆ ಹಿಂದೆ ಕೊರೆಯುತ್ತಿತ್ತು. ಮಡಕೆಯ ಹೊಗೆ ಸೀದಾ ಕಣ್ಣಿಗೆ. ನಿನ್ನ ಮಗ್ ಮೇಲೆ ಚೆಂದ ಕಾಣುತ್ತಿದೆಯಲ್ಲ, ಅದೇ ಹೊಗೆ. ಬೆರಳ ಸಂದಿಯಲ್ಲಿ ಉಪ್ಪು ಕೂತು ಬಿರುಕು ಬಿಡುತ್ತಿತ್ತು. ಕಿಟಕಿಗೆ ಪೊಟ್ಟಣ ಕೊಟ್ಟು, ಅವರು ಚಿಲ್ಲರೆ ಹುಡುಕುವಷ್ಟರಲ್ಲಿ ಗಾಡಿ ಹೊರಟುಬಿಡುತ್ತಿತ್ತು. ಓಡುತ್ತಿದ್ದೆವು. ಕೆಲವರು ನಾಣ್ಯ ಎಸೆಯುತ್ತಿದ್ದರು, ಕೆಲವರು ಕೈ ಬೀಸುತ್ತಿದ್ದರು. ಕೈ ಬೀಸಿದವರ ಲೆಕ್ಕ ನಮ್ಮ ತಲೆಗೆ. ನಿನ್ನ ನ್ಯೂಯಾರ್ಕ್ ಹುಡುಗರು ಎರಡು ವಾರ ಹೊಡೆದಾಡಿ, ಉಳಿದ ಪ್ರತಿ ವಾಪಸ್ ತಗೊಳ್ಳಿ ಅಂತ ಒಪ್ಪಿಸಿದರು ಅಂದೆಯಲ್ಲ, ಓದಿ ಹೊಟ್ಟೆಕಿಚ್ಚಾಯಿತು. ನಮ್ಮ ಉಳಿದ ಶೇಂಗಾ ರಾತ್ರಿ ನಮ್ಮ ಊಟ.

ನಗು ಮಾರಾಟದ ಭಾಗವಾಗಿತ್ತು, ತಮ್ಮಾ. ಮುಖ ಗಂಟು ಹಾಕಿಕೊಂಡು ನಿಂತವನ ಹತ್ತಿರ ಯಾರೂ ತಗೊಳ್ಳುವುದಿಲ್ಲ. ಇದನ್ನು ಯಾರೂ ಕಲಿಸಬೇಕಿಲ್ಲ, ಎರಡನೇ ದಿನಕ್ಕೇ ಬರುತ್ತದೆ. ಒಂದು ಸಲ ಫಸ್ಟ್ ಕ್ಲಾಸ್ ಡಬ್ಬಿಯ ಕಿಟಕಿಯಿಂದ ಒಬ್ಬರು ಕ್ಯಾಮೆರಾ ತೆಗೆದರು. ಅಂಗಿ ಮುಂದೆ ಹರಿದಿತ್ತು, ಬುಟ್ಟಿ ಎತ್ತಿ ಮುಚ್ಚಿಕೊಂಡೆ. ಪೊಟ್ಟಣ ಮುಂದೆ ಹಿಡಿದೆ. ನಕ್ಕೆ. ಕ್ಲಿಕ್ ಆಯಿತು. ಪೊಟ್ಟಣ ತಗೊಳ್ಳಲಿಲ್ಲ. ಆ ಫೋಟೊ ಈಗ ಎಲ್ಲಿದೆಯೋ. ಯಾರ ಆಲ್ಬಂನಲ್ಲೋ, ಯಾವ ಊರಿನ ಯಾವ ಮಗ್ ಮೇಲೋ. ನೋಡಿದವರು ನನ್ನನ್ನೂ ‘ಎಷ್ಟು ಖುಷಿಯಾಗಿದ್ದಾನೆ’ ಅನ್ನುತ್ತಿರಬಹುದು.

ಈಗ ಹೈನ್ ವಿಷಯಕ್ಕೆ ಬರೋಣ. ನೀನು ಅರ್ಧ ಓದಿದ್ದೀಯ. ಅವರು ಫೋಟೊ ತೆಗೆದು ಸುಮ್ನೆ ಬರುತ್ತಿರಲಿಲ್ಲ. ಸಾಧ್ಯವಾದ ಕಡೆಯೆಲ್ಲ ಹೆಸರು, ವಯಸ್ಸು, ಊರು, ಹೊತ್ತು ಬರೆದುಕೊಳ್ಳುತ್ತಿದ್ದರು. ಕೋಟಿನ ಗುಂಡಿಯಲ್ಲಿ ಎತ್ತರ ಅಳೆದದ್ದೂ ಅದಕ್ಕೇ. ಅದು ಸಾಕ್ಷಿ ಕಟ್ಟುವ ಕೆಲಸ. ಸೇಂಟ್ ಲೂಯಿಸ್ ಫೋಟೊದ ಜೊತೆ ಅವರು ಬರೆದಿಟ್ಟದ್ದರಲ್ಲಿ ಮೊದಲ ಮಾತೇ ಹೊತ್ತು: ಬೆಳಿಗ್ಗೆ 11 ಗಂಟೆ, ಸೋಮವಾರ, 1910ರ ಮೇ 9. ಆಮೇಲೆ ಜಾಗ. ಆಮೇಲೆ, ಎಲ್ಲರೂ ಸೇದುತ್ತಿದ್ದರು ಅಂತ. ಸೋಮವಾರ ಹನ್ನೊಂದು ಗಂಟೆಗೆ ಆ ವಯಸ್ಸಿನ ಹುಡುಗರು ಎಲ್ಲಿರಬೇಕಿತ್ತು? ಇಡೀ ಫೋಟೊದ ತಿರುಳು ಅದು. ನೀನು ಅದರ ಮೇಲೆ ‘ಸೋಮವಾರ ಯಾಕಾದ್ರೂ ಬರುತ್ತೋ’ ಅಂತ ಅಚ್ಚು ಹಾಕಿ ಕೊಟ್ಟೆ. ಬೇಕಂತ ಮಾಡಲಿಲ್ಲ, ಗೊತ್ತು. ಬೇಕಂತ ಮಾಡದೆಯೇ ಹೀಗಾಗುತ್ತದೆ ಅನ್ನುವುದೇ ನನ್ನ ತಕರಾರು. ಸಾಕ್ಷಿಯನ್ನು ಗಿಫ್ಟ್ ಮಾಡಿದಾಗ ಮೊದಲು ಉದುರುವುದು ಬರಹ.

ಹಿಂಬದಿಯಲ್ಲಿ ಬರೆದಿದ್ದೇನೆ ಅನ್ನುತ್ತೀಯ. ಒಂದು ಮಗ್ ತಗೊಂಡು ಬಲಗೈಯಲ್ಲಿ ಹಿಡಿ. ಕುಡಿಯುವವನಿಗೆ ಒಂದು ಮೈ ಕಾಣುತ್ತದೆ, ಎದುರು ಕೂತವನಿಗೆ ಇನ್ನೊಂದು ಮೈ. ಮುಖ ನೋಡಿದವನು ಬರಹ ನೋಡುವುದಿಲ್ಲ, ಬರಹ ಕಂಡವನಿಗೆ ಮುಖ ಇಲ್ಲ. ಎರಡನ್ನೂ ಕೂಡಿಸಿ ನೋಡುವುದು ಯಾರು? ಪಾತ್ರೆ ತೊಳೆಯುವವರು.

ಪೋಸ್ಟರೂ ಮಗ್ಗೂ ಒಂದೇ ಅಂತ ನಿನ್ನ ವಾದ. ಪೋಸ್ಟರ್ ನೋಡಿದವನು ಏನೋ ಮಾಡಬೇಕು ಅಂತ ಅದನ್ನು ಹಚ್ಚಿದ್ದು. ಮಗ್ ನೋಡಿದವನು ಚಾ ಕುಡಿಯಬೇಕು. ಹೈನ್ ಫೋಟೊಗಳಂಥವು ಜನರ ಮನಸ್ಸು ತಿರುಗಿಸಿದ ಮೇಲೂ, ಅಮೆರಿಕದಲ್ಲಿ ಗಟ್ಟಿಯಾಗಿ ನಿಂತ ಕಾನೂನು ಬಂದದ್ದು 1938ರಲ್ಲಿ. ಮೂವತ್ತು ವರ್ಷ ಬೇಕಾಯಿತು. ಅಷ್ಟಾದರೂ, ಮನೆಮನೆಗೆ ಪೇಪರ್ ಹಾಕುವ ಮಕ್ಕಳನ್ನು ಆ ಕಾಯ್ದೆಯ ಬಾಲಕಾರ್ಮಿಕ ನಿಯಮದಿಂದ ಇವತ್ತಿಗೂ ಹೊರಗಿಟ್ಟಿದ್ದಾರೆ. ಪೇಪರ್ ಹುಡುಗ ಅಂದರೆ ಆ ದೇಶಕ್ಕೆ ಅಷ್ಟು ಮುದ್ದು. ಮುದ್ದು ಬಂದ ಕಡೆ ಕಾನೂನು ಮೆತ್ತಗಾಗುತ್ತದೆ.

ನಮ್ಮಲ್ಲೂ ಹಾಗೇ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆಯಿತು. ಹದಿನಾಲ್ಕು ತುಂಬದ ಮಗುವನ್ನು ಯಾವ ಕೆಲಸಕ್ಕೂ ಹಚ್ಚುವಂತಿಲ್ಲ ಅಂತ ಬಂತು. ಬಹಳ ಒಳ್ಳೆಯದು. ಆದರೆ ಮನೆಯವರ ಕಸುಬಿನಲ್ಲಿ, ಅಪಾಯ ಇಲ್ಲದ ಕಡೆ, ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಕೈ ಕೂಡಿಸಬಹುದು ಅಂತ ಒಂದು ಕಿಟಕಿ ಇಟ್ಟರು. ಮನೆಯವರು ಅಂದರೆ ಯಾರು? ತಂದೆ, ತಾಯಿ, ಅಣ್ಣ, ಅಕ್ಕ, ಅಷ್ಟೇ ಅಲ್ಲ. ಚಿಕ್ಕಪ್ಪ, ಅತ್ತೆ, ಸೋದರಮಾವ, ಚಿಕ್ಕಮ್ಮ ಎಲ್ಲರೂ ಸೇರುತ್ತಾರೆ. ನಿನ್ನ ಚಾ ಹುಡುಗನನ್ನು ನಾನು ಮೆಟ್ಟಿಲ ಹತ್ತಿರ ನಿಲ್ಲಿಸಿ ಕೇಳಿದೆ. "ನಮ್ಮ ಮಾವನ ಹೋಟೆಲ್ ರೀ" ಅಂದ, ಕೇಳುವುದಕ್ಕೆ ಮೊದಲೇ. ಆ ಉತ್ತರ ಅವನ ನಾಲಿಗೆ ತುದಿಯಲ್ಲೇ ಇತ್ತು. ಅವನು ನಿನ್ನನ್ನು ಪೊಟ್ಟಣ ಎಷ್ಟಕ್ಕೆ ಅಂತ ಕೇಳಿದ್ದು ನಿನಗೆ ಖುಷಿ ಕೊಟ್ಟಿತು. ನೀನು ಅವನನ್ನು ಎಷ್ಟನೇ ಕ್ಲಾಸು ಅಂತ ಕೇಳಿದೆಯಾ? ಅವನು ಬಂದದ್ದು ಮಂಗಳವಾರ ಮಧ್ಯಾಹ್ನ, ಮೂರು ಗಂಟೆ ಇರಬೇಕು. ಹೈನ್ ಆಗಿದ್ದರೆ ಅದನ್ನೇ ಮೊದಲು ಬರೆದುಕೊಳ್ಳುತ್ತಿದ್ದರು.

ಇದನ್ನು ಹೇಳುವ ಯೋಗ್ಯತೆ ನನಗೂ ಪೂರ್ತಿ ಇಲ್ಲ. ಮೂವತ್ತೈದು ವರ್ಷ ಆಫೀಸಿನಲ್ಲಿ ಹುಡುಗರು ತಂದ ಚಾ ಕುಡಿದೆ. ಒಬ್ಬನಿಗೂ ಕೇಳಲಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬಹುದು ಅಂತ ಗೋಡೆ ಮೇಲೆ ಬರೆದದ್ದು ಕಣ್ಣೆದುರೇ ಇತ್ತು.

ಇನ್ನೊಂದು ನೋಡು. ಮಗ್ ಮೇಲೆ ಬರುವ ಬಡತನಕ್ಕೂ ಒಂದು ಇಂಟರ್‌ವ್ಯೂ ಇದೆ. ಪೇಪರ್ ಹುಡುಗ ಪಾಸು. ಶೇಂಗಾ ಹುಡುಗ ಪಾಸು. ಹೂ ಮಾರುವ ಹುಡುಗಿ ಪಾಸು. ನಮ್ಮ ಜಿಲ್ಲೆಯಲ್ಲಿ, ಪಕ್ಕದ ಕೊಪ್ಪಳ ಜಿಲ್ಲೆಯಲ್ಲಿ, ಹತ್ತಿಬೀಜದ ಹೊಲದಲ್ಲಿ ‘ಕ್ರಾಸಿಂಗ್’ ಮಾಡಲು ಹೋಗುತ್ತಿದ್ದ ಹುಡುಗಿಯರು ಫೇಲು. ಸಂಜೆ ಮೊಗ್ಗು ಬಿಡಿಸಿ ಗಂಡು ಭಾಗ ಚಿವುಟಬೇಕು, ಮರುದಿನ ಬೆಳಿಗ್ಗೆ ಬೇರೆ ಗಿಡದ ಪರಾಗ ತಂದು ಮುಟ್ಟಿಸಬೇಕು. ಬಗ್ಗಿದ ಬೆನ್ನು, ಔಷಧಿ ಹೊಡೆದ ಹೊಲ. ಅದರಲ್ಲಿ ಹೊಗೆಯಿಲ್ಲ, ಟೋಪಿಯಿಲ್ಲ, ಠೀವಿಯಿಲ್ಲ. ಯಾರು ಗಿಫ್ಟ್ ಕೊಡುತ್ತಾರೆ? ಬ್ರಿಟಿಷರ ಕಾಲದ ಮದ್ರಾಸ್ ಪೋಸ್ಟ್‌ಕಾರ್ಡುಗಳನ್ನು ನಾನು ಅಂಚೆ ನೌಕರನಾಗಿ ಆಸೆಯಿಂದ ಕೂಡಿಟ್ಟಿದ್ದೇನೆ. ಅಲ್ಲೂ ಹೀಗೇ. ನೀರು ಹೊರುವವ, ಹಾವಾಡಿಗ, ಹಣ್ಣು ಮಾರುವವ. ಕೆಳಗೆ ಕಸುಬು ಬರೆದಿದೆ. ಹೆಸರಿಲ್ಲ. ಇಂಗ್ಲೆಂಡಿಗೆ ಹೋಗುವ ಕಾಗದಕ್ಕೆ ಅಲಂಕಾರ.

ಫೋಟೊದಲ್ಲಿ ಇದ್ದವರನ್ನು ಕೇಳಿದರೆ ಏನು ಹೇಳುತ್ತಾರೆ? ಒಬ್ಬರು ಹೇಳಿದ್ದು ಗೊತ್ತಿದೆ. ಅಮೆರಿಕದಲ್ಲಿ 1936ರಲ್ಲಿ ಡೊರೊಥಿಯಾ ಲ್ಯಾಂಗ್ ತೆಗೆದ, ಮಕ್ಕಳನ್ನು ಅವುಚಿಕೊಂಡ ಕೂಲಿ ತಾಯಿಯ ಫೋಟೊ ನೀನು ಖಂಡಿತ ನೋಡಿರುತ್ತೀಯ. ಆಕೆ ಯಾರು ಅಂತ ಜಗತ್ತಿಗೆ ಗೊತ್ತಾದದ್ದು 1978ರಲ್ಲಿ, ನಿಮ್ಮಪ್ಪ ಈ ಫೋಟೊ ತೆಗೆದ ವರ್ಷವೇ. ಫ್ಲಾರೆನ್ಸ್ ಥಾಂಪ್ಸನ್ ಅಂತ. ಆ ಫೋಟೊ ತೆಗೆಯದಿದ್ದರೇ ಚೆನ್ನಾಗಿತ್ತು, ಅದರಿಂದ ತನಗೆ ಒಂದು ಪೈಸೆಯೂ ಬರಲಿಲ್ಲ ಅಂತ ಆಕೆ ಬೇಸರಪಟ್ಟಿದ್ದರು. ಸರ್ಕಾರಕ್ಕಾಗಿ ತೆಗೆದ ಫೋಟೊ ಅದು, ಯಾರು ಬೇಕಾದರೂ ಬಳಸಬಹುದು. 1998ರಲ್ಲಿ ಅಂಚೆ ಚೀಟಿಯ ಮೇಲೂ ಬಂತು. ಅಷ್ಟೊತ್ತಿಗೆ ಆಕೆ ಬದುಕಿರಲಿಲ್ಲ.

ಆಗ ರಾಜರ ಫೋಟೊ ಬರಬಹುದು, ಅವನದು ಬರಬಾರದಾ ಅಂತ ಕೇಳಿದೆ. ಚೆನ್ನಾಗಿ ಕೇಳಿದೆ, ಒಂದು ರಾತ್ರಿ ನಿದ್ದೆ ಕೆಡಿಸಿತು. ನನ್ನ ಉತ್ತರ ಇಷ್ಟೇ. ಮದುಮಗಳು ತಾನೇ ಬಂದು ದುಡ್ಡು ಕೊಟ್ಟು ಮಾಡಿಸಿಕೊಳ್ಳುತ್ತಾಳೆ. ತಲೆ ಬಾಚಿಕೊಂಡು ಬರುತ್ತಾಳೆ. ಯಾವ ಫೋಟೊ ಬೇಡ ಅಂತಲೂ ಹೇಳುತ್ತಾಳೆ. ಮನೆಯೊಳಗೆ ಕರೆಯುವುದಾದರೆ ಹಾಗೆ ಕರಿ, ಬಾಗಿಲ ತನಕ ಹೋಗಿ. ಫ್ರೇಮ್ ಉಳಿಯಿತು ಅಂತ ತೆಗೆದದ್ದನ್ನು ಬಿಸಿ ನೀರು ಹಾಕಿದಾಗ ಮೂಡಿಸಿ, ತಣ್ಣಗಾದಾಗ ಮಾಯ ಮಾಡುವುದು ಕರೆದ ಹಾಗಲ್ಲ. ಆ ಮ್ಯಾಜಿಕ್ ಮಗ್ ಒಂದನ್ನಂತೂ ನಿಲ್ಲಿಸಪ್ಪಾ. ಅವನ ಮುಖ ಕಪ್ಪಿನೊಳಗೆ ಮುಳುಗುವುದನ್ನು ಎರಡು ಸಲ ನೋಡಲು ನನ್ನ ಕೈಲಾಗುವುದಿಲ್ಲ.

ಮೊನ್ನೆ ನೀನು ಇಲ್ಲದಾಗ ಅಂಗಡಿಗೆ ಬಂದಿದ್ದೆ. ನಿಮ್ಮಮ್ಮ ಪೆಟ್ಟಿಗೆ ತೆಗೆದು ಕೊಟ್ಟರು. ನೆಗೆಟಿವ್ ಲಕೋಟೆಗಳ ಮೇಲೆಲ್ಲ ನಿಮ್ಮಪ್ಪನ ದುಂಡಗಿನ ಪೆನ್ಸಿಲ್ ಅಕ್ಷರ. ಮದುವೆಯದಾದರೆ ಎರಡೂ ಕಡೆಯವರ ಪೂರ್ತಿ ಹೆಸರು, ಊರು, ಎಷ್ಟು ಕಾಪಿ, ಎಷ್ಟು ಅಡ್ವಾನ್ಸ್. ಈ ಲಕೋಟೆಯ ಮೇಲೆ ‘ಶೇಂಗಾ ಹುಡುಗ, ತೀನ್ ಕಂದೀಲ್, 78’ ಅಂತ ಇದೆ. ಅಷ್ಟೇ. ದಿನಾ ಅಂಗಡಿ ಮುಂದೆ ನಿಲ್ಲುತ್ತಿದ್ದ ಹುಡುಗ. ಹೆಸರು ಕೇಳಲು ಅರ್ಧ ನಿಮಿಷ ಸಾಕಿತ್ತು. ನಿಮ್ಮಪ್ಪ ನನ್ನ ಜೀವದ ಗೆಳೆಯ, ಬೈಯುತ್ತಿಲ್ಲ. ನಾನೂ ನಲವತ್ತು ವರ್ಷ ಆ ಗಾಜಿನ ಮೇಲೆ ಚಾ ಲೋಟ ಇಟ್ಟು ಹರಟಿದವನೇ, ಇವನ ಹೆಸರೇನು ಅಂತ ನಾನೂ ಕೇಳಲಿಲ್ಲ.

ಮಗ್ ಬೀರುವಿನಿಂದ ತೆಗಿ. ಆ ಜಾಗದಲ್ಲಿ ಫೋಟೊ ದೊಡ್ಡದು ಮಾಡಿ ಹಾಕು, ಕಾಲು ಸಮೇತ. ಕೆಳಗೆ ‘ಇವರು ಯಾರು ಗೊತ್ತಾ?’ ಅಂತ ಬರಿ. ನನಗಿಂತ ನಾಲ್ಕೈದು ವರ್ಷ ಚಿಕ್ಕವನಿರಬೇಕು. ಊರು ಬಿಟ್ಟು ಹೋಗಿರದಿದ್ದರೆ ಇಲ್ಲೇ ಎಲ್ಲೋ ಇದ್ದಾನೆ. ಯಾವುದೋ ಅರ್ಜಿಗೆ ಅಂತ ನಿನ್ನ ಅಂಗಡಿಗೇ ಬಂದು, ಆ ಸ್ಟೂಲ್ ಮೇಲೆ ಕೂತು, ಗದ್ದ ಸ್ವಲ್ಪ ಮೇಲೆ ಅಂತ ನೀನು ಹೇಳಿದ ಹಾಗೆ ಎತ್ತಿ, ಎಂಟು ಪಾಸ್‌ಪೋರ್ಟ್ ಸೈಜ್ ತಗೊಂಡು ಹೋಗಿರಬಹುದು.